ಬೃಂದಾಳ ‘ತನ್ನಿ’

ಬೃಂದಾ ಹುಟ್ಟಿದಾಗ ನನಗೆ ನಲವತ್ತೆರಡು ವರ್ಷ. ಇಪ್ಪತ್ತೆರಡು ತಿಂಗಳಾದರೂ ಅವಳ ಬಾಯಿಂದ ಒಂದು ಮಾತೂ ಬರದಿದ್ದಾಗ, ಅದಕ್ಕೆ ನನ್ನ ವಯಸ್ಸೇ ಕಾರಣವೆಂದು ಯಾರಿಗೂ ಹೇಳದೆ ನಂಬಿಕೊಂಡಿದ್ದೆ. ಕಿವಿಯ ಪರೀಕ್ಷೆ ಆಯಿತು. ತೊಂದರೆಯಿಲ್ಲ ಎಂದರು. “ಮುಂದಿನ ತಿಂಗಳು ಸ್ಪೀಚ್ ಥೆರಪಿಸ್ಟ್ ನೋಡಲಿ. ಅಲ್ಲಿಯವರೆಗೆ ಏನಾದರೂ ಅಂದರೆ ಗಮನಿಸಿ. ಶಬ್ದ ಬಂದರೆ ಸಾಲದು, ಯಾವುದಕ್ಕೆ ಅಂತಾಳೆ ಅನ್ನೋದು ಮುಖ್ಯ” ಎಂದರು ಡಾಕ್ಟರು.

ನಾನು ಮತ್ತು ನನ್ನ ಗಂಡ ಶರಣಬಸವ ಕಲಬುರಗಿಯವರು. ಅವರ ಬ್ಯಾಂಕಿನ ವರ್ಗಾವಣೆಯಿಂದಾಗಿ ಬೆಂಗಳೂರಿನ ಸಿ.ವಿ. ರಾಮನ್ ನಗರಕ್ಕೆ ಬಂದು ನಾಲ್ಕು ವರ್ಷವಾಗಿದೆ. ನಾನು ಇಂದಿರಾನಗರದ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್. ಬೆಳಿಗ್ಗೆ ಮಗುವನ್ನು ಹಿಂದಿನ ಬೀದಿಯ ಡೇ ಕೇರಿನಲ್ಲಿ ಬಿಟ್ಟು ಹೋಗುತ್ತೇನೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಮಾರಿಯಾ. ಶಿವಾಜಿನಗರದಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆ.

ಮಾರಿಯಾ ವರ್ಷವಿಡೀ ಮಕ್ಕಳನ್ನು ನೀರಿನಲ್ಲಿ ಆಡಿಸುತ್ತಿದ್ದರು. ಮಳೆಗಾಲದಲ್ಲಿ ಛಾವಣಿಯ ಶೀಟಿನ ಅಂಚಿನ ಕೆಳಗೆ ಒಂದು ತಪ್ಪಲೆ, ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಸ್ಟೀಲ್ ತಟ್ಟೆ ಇಡುವರು. ಹನಿ ಬಿದ್ದಲ್ಲೆಲ್ಲ ಬೇರೆ ಬೇರೆ ಸದ್ದು. ಮಕ್ಕಳು ತಟ್ಟೆಯಿಂದ ತಪ್ಪಲೆಗೆ ಓಡಿ ಕಿವಿಗೊಡುವರು. ಡಿಸೆಂಬರಿನಲ್ಲಿ ಬೋಗುಣಿಯ ಉಗುರುಬೆಚ್ಚನೆಯ ನೀರಿಗೆ ಕಿತ್ತಳೆ ಸಿಪ್ಪೆ ಹಾಕಿ, ಕೈಗೊಂದೊಂದು ಸ್ಪಂಜು ಕೊಡುವರು. ಆಟ ನಡೆಯುವಷ್ಟು ಹೊತ್ತೂ ಬೋಗುಣಿಯ ಪಕ್ಕದಿಂದ ಏಳುತ್ತಿರಲಿಲ್ಲ. ಆಟ ಮುಗಿದೊಡನೆ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು, ಬೋಗುಣಿಯನ್ನು ಕವುಚಿ ಇಡುವರು. ಮಾರ್ಚಿನಲ್ಲಿ ಬೋರ್‌ವೆಲ್ ಕೈಕೊಟ್ಟು ಟ್ಯಾಂಕರಿಗೆ ಕಾಯುವ ದಿನಗಳು ಬಂದಾಗ, ಆಟ ಇನ್ನು ನಿಲ್ಲುತ್ತದೆ ಅಂದುಕೊಂಡೆ. ಮಾರಿಯಾ ಅರ್ಧ ಲೋಟ ನೀರು, ನಾಲ್ಕು ಬ್ರಷ್ಷು ತಂದರು. ಮಕ್ಕಳು ಬಿಸಿಲಿಗೆ ಕಾದ ಕಾಂಪೌಂಡ್ ಗೋಡೆಗೆ ನೀರು ಬಳಿದರು. ಬಳಿದದ್ದು ನೋಡನೋಡುತ್ತಿದ್ದಂತೆ ಆರಿಹೋಗುತ್ತಿತ್ತು. ಮತ್ತೆ ಬಳಿದರು.

ಆ ವಾರವೇ ಬೃಂದಾ ಮಾತಾಡಿದಳು. ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಂಗೈ ಚಾಚಿ, ಸ್ಪಷ್ಟವಾಗಿ “ತನ್ನಿ” ಎಂದಳು.

ಶರಣಬಸವ ಪೇಪರು ಬಿಸಾಕಿ ಎದ್ದು ಬಂದರು. “ಯಮುನಾ, ಕೇಳ್ದಿ? ನಾವು ‘ತರ್ರಿ’ ಅಂತೀವಿ. ಇಕಿ ನೋಡು, ಪಕ್ಕಾ ಬೆಂಗಳೂರಾಕಿ! ‘ತನ್ನಿ’ ಅಂತಾಳ, ಅದೂ ಬಹುವಚನದಾಗ!”

“ನಮ್ಮಿಬ್ಬರನ್ನೂ ಕೆಲಸಕ್ಕ ಇಟ್ಕೊಂಡಾಳ್ರೀ” ಎಂದೆ. ನಗುನಗುತ್ತಲೇ ಅತ್ತೆ.

ಅಪ್ಪಣೆಯಾಯಿತಲ್ಲ, ತಂದೆವು. ಚೆಂಡು ತಂದೆವು, ಗೊಂಬೆ ತಂದೆವು, ಬಾಳೆಹಣ್ಣು ತಂದೆವು. ಎಲ್ಲವನ್ನೂ ನೂಕಿದಳು. ನೀರಿನ ಬಾಟಲಿ ಬಾಯಿಗಿಟ್ಟೆ, ಅದನ್ನೂ ನೂಕಿದಳು. “ತನ್ನಿ, ತನ್ನಿ” ಎನ್ನುತ್ತಾ ನೆಲಕ್ಕೆ ಬಿದ್ದು ಹೊರಳಾಡಿದಳು. ನಾಲ್ಕು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಶರಣಬಸವ ಮೆಲ್ಲಗೆ, “ಸುಮ್ನ ಶಬ್ದ ಅದು, ಯಮುನಾ. ಯಾವುದಕ್ಕ ಅಂತಾಳಂತ ಆಕಿಗೇ ಗೊತ್ತಿಲ್ಲ” ಎಂದರು. ನನಗೂ ಹಾಗೇ ಅನ್ನಿಸಿತ್ತು. ಅವರ ಬಾಯಲ್ಲಿ ಕೇಳಿದಾಗ ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಡೇ ಕೇರಿನ ಗೇಟಿನಲ್ಲೇ ಮಾರಿಯಾರನ್ನು ನಿಲ್ಲಿಸಿ ಕೇಳಿದೆ. “ಇಲ್ಲೂ ‘ತನ್ನಿ, ತನ್ನಿ’ ಅಂತಾಳೇನ್ರಿ? ಏನು ತಂದುಕೊಟ್ರೂ ಬ್ಯಾಡ ಅಂತಾಳ.”

ಮಾರಿಯಾ ಜೋರಾಗಿ ನಕ್ಕುಬಿಟ್ಟರು. “ಅಯ್ಯೋ ಮೇಡಂ, ‘ತನ್ನಿ’ ಅಲ್ಲ, ‘ತಣ್ಣಿ’! ತಮಿಳಲ್ಲಿ ನೀರಿಗೆ ಹಂಗಂತೀವಿ. ಪಾಪು ನೀರು ಕೇಳ್ತಾವ್ಳೆ!”

“ಬಾಟಲಿ ಕೊಟ್ಟೆನಲ್ಲ, ನೂಕಿದಳು.”

“ಕುಡಿಯೋಕಲ್ಲ ಮೇಡಂ, ಆಡೋಕೆ!”

ಒಳಗೆ ಹೋಗಿ ಬೋಗುಣಿಗೆ ಮೂರು ಚೊಂಬು ನೀರು ಹಾಕಿ ತಂದಿಟ್ಟರು. ಬೃಂದಾ ನನ್ನ ಕೈ ಬಿಡಿಸಿಕೊಂಡು ಓಡಿ, ಎರಡೂ ಅಂಗೈ ಮುಳುಗಿಸಿ, “ತನ್ನಿ!” ಎಂದಳು. ಯಾವುದಕ್ಕೆ ಅಂದಳೆಂದು ಇನ್ನು ಯಾರನ್ನೂ ಕೇಳಬೇಕಿರಲಿಲ್ಲ.

ಆ ಕ್ಷಣ ನನಗೆ ಸಂತೋಷವೊಂದೇ ಆಯಿತೆಂದರೆ ಸುಳ್ಳಾದೀತು. ಇಪ್ಪತ್ತೆರಡು ತಿಂಗಳು ಅವಳ ಕಿವಿಯಲ್ಲಿ ನಾನು ಹೇಳಿದ ಕನ್ನಡವೆಲ್ಲ ಎಲ್ಲಿ ಹೋಯಿತು? ಮೊದಲ ಮಾತು ಇನ್ನೊಬ್ಬಳ ಬಾಯಿಂದ ಬಂತಲ್ಲ ಎಂದು ಒಳಗೊಂದು ಮುಳ್ಳು ಚುಚ್ಚಿತು. ಅದು ಮುಖದಲ್ಲಿ ಕಂಡಿರಬೇಕು. ಮಾರಿಯಾರ ನಗು ನಿಂತಿತು.

“ಸಾರಿ ಮೇಡಂ. ಮಕ್ಳತ್ರ ಕನ್ನಡದಲ್ಲೇ ಮಾತಾಡ್ತೀನಿ, ಸತ್ಯವಾಗ್ಲೂ. ಆದ್ರೆ ನೀರಿನ್ ಮುಂದೆ ಕೂತ್ರೆ ನಮ್ಮಮ್ಮ ನನ್ಜೊತೆ ಮಾತಾಡ್ತಿದ್ದಂಗೇ ಬಂದ್ಬಿಡತ್ತೆ. ಇನ್ಮೇಲೆ ‘ನೀರು’ ಅಂತ್ಲೇ ಕಲಿಸ್ತೀನಿ. ಓನರ್‌ಗೆ ಮಾತ್ರ ಹೇಳ್ಬೇಡಿ.”

ಮನೆಯಲ್ಲಿ ನಾನು ಬೃಂದಾಳಿಗೆ ಸ್ನಾನ ಮಾಡಿಸುವುದು ಹತ್ತು ನಿಮಿಷದಲ್ಲಿ. ಕಣ್ಣು ಗಡಿಯಾರದ ಮೇಲೆ. ಆ ಹತ್ತು ನಿಮಿಷವೂ “ಅವ್ವ ಅನ್ನು, ಅಪ್ಪ ಅನ್ನು” ಎಂಬ ಪರೀಕ್ಷೆ. ಮಾರಿಯಾ ಅವಳಿಂದ ಒಂದು ಮಾತನ್ನೂ ಕೇಳಿರಲಿಲ್ಲ. ಮಳೆ, ಚಳಿ, ಬಿಸಿಲು ಎನ್ನದೆ ಪಕ್ಕದಲ್ಲಿ ಕೂತು, ಮಗುವಿನ ಕೈಯಲ್ಲಿ ಏನಿತ್ತೋ ಅದರ ಹೆಸರನ್ನು ತಮಗೆ ಅತ್ಯಂತ ಹತ್ತಿರದ ಭಾಷೆಯಲ್ಲಿ ಹೇಳಿದ್ದರು. ತಾಯಿಯಿಂದ ಪಡೆದದ್ದನ್ನು ನನ್ನ ಮಗಳಿಗೆ ಕೊಟ್ಟಿದ್ದರು. ಕೊಟ್ಟದ್ದಕ್ಕೆ ಈಗ ಕ್ಷಮೆ ಕೇಳುತ್ತಿದ್ದರು.

“ಏನೂ ಬದಲಿಸಬ್ಯಾಡ್ರಿ, ಮಾರಿಯಾ” ಎಂದೆ. “ನೀವು ನನಗೆ ಎಂಥಾ ಉಪಕಾರ ಮಾಡೀರಿ ಅಂತ ನಿಮಗ ಗೊತ್ತಿಲ್ಲ.” ಬೋಗುಣಿಯತ್ತ ನೋಡಿ ಕೇಳಿದೆ, “ಬಿಸಿನೀರಿಗೆ ಏನಂತೀರಿ?”

“ಸುಡುತಣ್ಣಿ.”

“ಸುಡೋ ತಣ್ಣೀರೇನ್ರಿ? ಅದೆಂಥಾ ನೀರು!”

ಮಾರಿಯಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೇಡಂ, ನಿಮ್ಗೂ ಅಡ್ಮಿಷನ್ ಮಾಡ್ಕೋಬೇಕು. ಬನ್ನಿ, ಕೂತ್ಕೊಳ್ಳಿ.”

ಕಾಲೇಜಿಗೆ ಫೋನ್ ಮಾಡಿ ಅರ್ಧ ದಿನ ರಜೆ ಹಾಕಿದೆ. ಸೆರಗು ಸಿಕ್ಕಿಸಿ ಬೋಗುಣಿಯ ಪಕ್ಕ ನೆಲದ ಮೇಲೆ ಕೂತೆ. ಬೃಂದಾ ಬೊಗಸೆ ತುಂಬಿ ನೀರೆತ್ತಿ ನನ್ನ ಅಂಗೈಗೆ ಸುರಿದಳು. ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, ನಾನು ಹೇಳಲೆಂದು ಕಾದಳು.

“ತಣ್ಣಿ” ಎಂದೆ.

ಅವಳು ಕೇಕೆ ಹಾಕಿ ಇನ್ನೊಂದು ಬೊಗಸೆ ಸುರಿದಳು.