ಕಂಕಣ ಕಟ್ಟಿದ ನಲ್ಲಿ

ರಂಗನಾಯಕಿ ಮೇಡಂ ಅವರ ಕಾರು ನಿಧಾನಕ್ಕೆ ಬಂದು ನಮ್ಮ ಟೈರ್ ಅಂಗಡಿ ಮುಂದೆ ನಿಂತಾಗ ಚಕ್ರದೊಳಗಿನ ಸದ್ದು ನನಗೂ ಕೇಳಿಸಿತು. ಯಾರೋ ಬಾಯಿ ಮುಕ್ಕಳಿಸಿದ ಹಾಗಿತ್ತು. ಕಾರು ನಿಂತ ಮೇಲೂ ಒಂದು ಗಳಿಗೆ ಅದು ನಿಲ್ಲಲಿಲ್ಲ.

"ನಿಮ್ಮಲ್ಲಿ ಗಾಳಿ ಹೊಡೆಸಿಕೊಂಡು ಹೋದಾಗಿನಿಂದ ಹೀಗೇ ಕಣಮ್ಮ ಶಿವಕುಮಾರಿ," ಅಂದರು ಮೇಡಂ. ಶಂಕರಪುರದವರು, ರಿಟೈರ್ಡ್ ಟೀಚರು, ಸುಳ್ಳು ಹೇಳುವವರಲ್ಲ. "ನಮ್ಮ ಮೊಮ್ಮಗಳು ತನ್ಮಯಿ ಕಾರು ಹತ್ತೋದೇ ಇಲ್ಲ ಅಂತಾಳೆ. ಚಕ್ರದೊಳಗೆ ಯಾರೋ ತಾತ ಇದಾರಂತೆ."

ನನ್ನ ಗಂಡ ಮುರುಗೇಶ ಜಾಕ್ ಕೊಟ್ಟು ಚಕ್ರ ಬಿಚ್ಚಿದರು. ಟ್ಯೂಬ್‌ಲೆಸ್ ಟೈರು. ಅಂಚಿಗೆ ಕಬ್ಬಿಣ ಕೊಟ್ಟು ಎಬ್ಬಿಸಿದ್ದೇ ತಡ, ಒಳಗಿಂದ ಅರ್ಧ ಚೊಂಬು ನೀರು ರಸ್ತೆಗೆ ಸುರಿಯಿತು. ಕೆಂಪು ನೀರು, ತಣ್ಣಗಿತ್ತು. ಟೈರಿಗೆ ಸೂಜಿಮೊನೆಯಷ್ಟೂ ತೂತಿರಲಿಲ್ಲ.

"ನೀರು ನಿಂತ ಕಡೆ ಓಡಿಸಿಲ್ಲ, ಪಂಚರ್ ಆಗಿಲ್ಲ. ಮುಚ್ಚಿದ ಟೈರಿನೊಳಗೆ ನೀರು ಹೇಗೆ ಬರುತ್ತಪ್ಪಾ?" ಮೇಡಂ ಕೇಳಿದರು.

ಇವರು ಟೈರಿನೊಳಗೆ ಬಟ್ಟೆ ಆಡಿಸಿ ಒರೆಸಿದರು. ಉತ್ತರ ಬಂದದ್ದು ಅಂಗಡಿಯ ಮೂಲೆಯಿಂದ. ಅಲ್ಲಿ ನಮ್ಮತ್ತೆ ಪಿಳ್ಳಮ್ಮ ಗಾಳಿ ತುಂಬುವ ಕಂಪ್ರೆಸರ್‌ಗೆ ಬೆನ್ನು ಕೊಟ್ಟು ಕೂತಿದ್ದರು.

"ನಮ್ಮ ಯಜಮಾನ್ರು ಕಳಿಸವ್ರೆ," ಅಂದರು ಸಮಾಧಾನವಾಗಿ.

ನಮ್ಮ ಮಾವ ರಾಮಾಂಜಿನಪ್ಪ ತೀರಿಕೊಂಡು ಆಗ ವರ್ಷವಾಗುತ್ತ ಬಂದಿತ್ತು. ಮೇಡಂ ಮುಖ ಬಿಳಚಿಕೊಂಡಿತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಚಕ್ರ ಹಾಕಿಸಿಕೊಂಡರು. ಬಿಚ್ಚಿದ ಚಕ್ರಕ್ಕೆ ಗಾಳಿ ಬೇರೆ ಕಡೆ ಹೊಡೆಸ್ತೀನಿ ಅಂತ ಹೊರಟೇಬಿಟ್ಟರು. ಚಾಮರಾಜಪೇಟೆಯಲ್ಲಿ ಇಂಥ ಮಾತು ಹಬ್ಬೋದಕ್ಕೆ ಎಷ್ಟು ಹೊತ್ತು ಬೇಕು? ಬರುತ್ತಿದ್ದ ನಾಲ್ಕು ಗಿರಾಕಿಗೂ ನಮ್ಮತ್ತೆ ಒಂದೇ ಮಾತಲ್ಲಿ ಕಲ್ಲು ಹಾಕಿದರು. ನನಗೆ ಮೈಯೆಲ್ಲ ಉರಿಯಿತು.

ಮಾವ ಸತ್ತದ್ದು ಎರಡು ಸಾವಿರನೇ ಇಸವಿಯ ಆಯುಧಪೂಜೆ ದಿನ, ಅಂಗಡಿಯಲ್ಲೇ. ಬೆಳಿಗ್ಗೆ ಕಂಪ್ರೆಸರ್‌ಗೆ ಅರಿಸಿನ ಕುಂಕುಮ ಇಟ್ಟು, ಒಂದೇ ಅರಿಸಿನದ ದಾರವನ್ನು ಎರಡು ತುಂಡು ಮಾಡಿ, ಒಂದನ್ನು ಟ್ಯಾಂಕಿನ ಹೊಟ್ಟೆ ಕೆಳಗಿದ್ದ ಪುಟ್ಟ ನಲ್ಲಿಗೆ ಕಂಕಣ ಕಟ್ಟಿದ್ದರು. ಇನ್ನೊಂದನ್ನು ತಮ್ಮ ಕೈಗೆ ಕಟ್ಟಿಸಿಕೊಂಡರು. ಡ್ರಮ್ಮಿನಲ್ಲಿದ್ದ ನೀರೆಲ್ಲ ಗಿರಾಕಿಗಳ ಗಾಡಿ ತೊಳೆಯೋದಕ್ಕೇ ಮುಗಿದಿತ್ತು. ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು "ಪಿಳ್ಳಿ, ನೀರು" ಅಂದರು. ಪಕ್ಕದಲ್ಲಿ ಇದ್ದದ್ದು ಪಂಚರ್ ನೋಡುವ ತೊಟ್ಟಿಯ ಕಪ್ಪು ನೀರು. ಅತ್ತೆ ಎದುರು ಮನೆಗೆ ಓಡಿ ಲೋಟ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾಯುವ ಗಂಡನ ಬಾಯಿಗೆ ಒಂದು ಹನಿ ನೀರು ಬಿಡೋಕಾಗಲಿಲ್ಲ.

ಅವತ್ತಿಂದ ಅತ್ತೆ ಅಳಲೂ ಇಲ್ಲ. ದಿನಾ ಸಂಜೆ ಮಾವನ ಫೋಟೋ ಮುಂದೆ ಕಂಠಮಟ್ಟ ನೀರು ತುಂಬಿ ಚೊಂಬು ಇಡೋರು. ಬೆಳಿಗ್ಗೆ ಎದ್ದು ನೋಡಿ, "ಮುಟ್ಟಿಲ್ಲ" ಅಂತ ತುಳಸಿಗೆ ಸುರಿಯೋರು. ಆಮೇಲೆ ಅಂಗಡಿಗೆ ಬಂದು ಕಂಪ್ರೆಸರ್ ಪಕ್ಕ ಕೂತರೆ ಮೋಟರ್ ನಿಲ್ಲುವ ತನಕ ಏಳುತ್ತಿರಲಿಲ್ಲ. ನಿಂತ ಮೇಲೆ ಟ್ಯಾಂಕಿಗೆ ಕಿವಿ ಇಟ್ಟು ಕೇಳಿಸಿಕೊಳ್ಳೋರು. ಒಳಗೆ ಗೊಳಕ್ ಅನ್ನೋದು. ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ.

ಮೇಡಂ ಹೋದ ಮೇಲೆ ನಾನು ಇವರನ್ನು ಹಿಡಿದುಕೊಂಡೆ. "ನಿಜ ಹೇಳ್ರೀ. ಆ ನೀರು ಎಲ್ಲಿಂದ ಬರ್ತಿದೆ?"

"ಗಾಳಿಯಿಂದಾನೇ," ಅಂದರು, ದನಿ ತಗ್ಗಿಸಿ. "ಗಾಳೀಲಿ ತೇವ ಇರತ್ತೆ. ಒತ್ತಿ ತುಂಬಿದ್ರೆ ಟ್ಯಾಂಕ್ ತಳದಲ್ಲಿ ನೀರಾಗಿ ಕೂರತ್ತೆ, ಮಳೆಗಾಲದಲ್ಲಂತೂ ಜಾಸ್ತಿ. ಅಪ್ಪ ದಿನಾ ಸಂಜೆ ಕೆಳಗಿನ ನಲ್ಲಿ ಬಿಟ್ಟು ಖಾಲಿ ಮಾಡೋರು. ಈಗ ತುಂಬಿ, ಪೈಪಲ್ಲಿ ಗಾಳಿ ಜತೆ ಟೈರಿಗೆ ಹೋಗ್ತಿದೆ."

"ನೀವ್ಯಾಕೆ ಬಿಡ್ತಿಲ್ಲ?"

ನಲ್ಲಿ ಕಡೆ ಬೆರಳು ತೋರಿಸಿದರು. ಗ್ರೀಸು, ಧೂಳು ಹತ್ತಿ ಕಪ್ಪಾಗಿದ್ದರೂ ಕಂಕಣ ಹಾಗೇ ಬಿಗಿದುಕೊಂಡಿತ್ತು. ವಿಜಯದಶಮಿ ಕಳೆದು ಪೂಜೆ ಮಾಡಿ ಬಿಚ್ಚಬೇಕಾಗಿತ್ತು. ಅಷ್ಟರಲ್ಲಿ ಸೂತಕ. ಸೂತಕ ಕಳೆದ ಮೇಲೆ, 'ನಮ್ಮ ಯಜಮಾನ್ರ ಕೈ ಗಂಟು, ಯಾರೂ ಮುಟ್ಟಕೂಡದು' ಅಂತ ಅತ್ತೆ ಆಣೆ ಹಾಕಿದ್ದರು. ಈ ಕಡೆ ತಾಯಿ, ಆ ಕಡೆ ನಾನು. ನನ್ನ ಗಂಡನ ಪಾಡು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ.

"ಟ್ಯಾಂಕ್ ಒಳಗಿಂದ ತುಕ್ಕು ಹಿಡೀತಿದೆ, ಕುಮಾರಿ," ಅಂದರು ಇವರು. "ತಳ ತೆಳ್ಳಗಾದ್ರೆ ಒಂದಿನ ಸಿಡಿಯತ್ತೆ."

ಅದರ ಪಕ್ಕದಲ್ಲೇ ಇವರ ಸ್ಟೂಲು. ದಿನವಿಡೀ ಕೂರೋದು ಅಲ್ಲೇ. ಗಿರಾಕಿ ಹೋದರೆ ಹೋಗಲಿ, ಗಂಡ ಹೋದರೆ ಎಲ್ಲಿಂದ ತರಲಿ?

ಮಾರನೇ ಸಂಜೆ ಕತ್ತರಿ ತಗೊಂಡು ಅಂಗಡಿಗೆ ಹೋದೆ. ಮೋಟರ್ ಓಡುತ್ತಿತ್ತು. ಅತ್ತೆ ನನ್ನ ಕೈ ನೋಡಿದರು. ಎದ್ದು ಬಂದು ನಲ್ಲಿಗೆ ಅಡ್ಡ ನಿಂತರು.

"ನನ್ನ ಹೆಣದ ಮೇಲೆ ಕತ್ತರಿ ಆಡಿಸು."

"ಸಿಡಿದ್ರೆ ನಿಮ್ಮ ಮಗನ ಹೆಣ ನೋಡ್ತೀರ ಅತ್ತೆ!"

ಆಗಲೇ ಟ್ಯಾಂಕಿನೊಳಗೆ ಟಣ್ ಅಂತು. ಒಂದು ಸಲ, ಮತ್ತೊಂದು ಸಲ. ಯಾರೋ ಒಳಗಿಂದ ಬೆರಳ ಗೆಣ್ಣಲ್ಲಿ ಬಡಿದ ಹಾಗೆ. ಇವರು ಓಡಿ ಹೋಗಿ ಸ್ವಿಚ್ ಆರಿಸಿದರು. ಮೋಟರ್ ನಿಂತಿತು. ಬಡಿತ ನಿಲ್ಲಲಿಲ್ಲ.

"ಕೇಳ್ತೇನೇ?" ಅತ್ತೆಯ ಮುಖದಲ್ಲಿ ನಗು. "ಇಷ್ಟು ನೀರು ಕುಡುದ್ರೂ ಇನ್ನೂ ಕೇಳ್ತಾವ್ರೆ."

ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಆದರೂ ಕತ್ತರಿ ಕೆಳಗಿಟ್ಟೆ. ಬೈಯೋಕೆ ಅಂತ ಬಾಯಿ ತೆರೆದವಳಿಗೆ ಬೇರೆಯೇ ಮಾತು ಬಂತು.

"ಅತ್ತೆ, ಕಂಕಣ ಕಟ್ಟಿಸಿಕೊಂಡೋರು ಅದನ್ನ ಬಿಚ್ಚೋ ತನಕ ಊರು ಬಿಟ್ಟು ಹೋಗಬಾರದು ಅಂತ ನೀವೇ ಹೇಳ್ತೀರಲ್ಲ. ನಿಮ್ಮ ತಮ್ಮನ ಮದುವೆಯಲ್ಲಿ ಮದುಮಗನ್ನ ಎಲ್ಲಿಗೂ ಕಳಿಸಲಿಲ್ಲ."

"ಹೂಂ. ಹೋಗಬಾರದು."

"ಮಾವನ ಕೈಯಲ್ಲಿದ್ದದ್ದನ್ನ ಯಾರು ಬಿಚ್ಚಿದ್ರು?"

ಯಾರೂ ಬಿಚ್ಚಿರಲಿಲ್ಲ. ಅದು ಅವರ ಜತೆ ಬೆಂಕಿಗೆ ಹೋಗಿತ್ತು.

"ಅದರ ಜೋಡಿ ಇನ್ನೂ ಇಲ್ಲೇ ಇದೆ. ಅವರು ಹೆಂಗೆ ಹೋಗ್ತಾರೆ, ನೀವೇ ಹೇಳಿ."

ಅತ್ತೆ ಸೆರಗು ಹೊದ್ದು, ನೆಲಕ್ಕೆ ಮಂಡಿಯೂರಿದರು. ಇವರು ಪೈಪಿನಿಂದ ಗಾಳಿಯನ್ನೆಲ್ಲ ಬಿಟ್ಟರು. ಅತ್ತೆ ಗಂಟಿಗೆ ಉಗುರು ಹಾಕಿದರು. ಗ್ರೀಸಲ್ಲಿ ಕಲ್ಲಾಗಿದ್ದ ಗಂಟು, ಕತ್ತರಿಯೇ ಬೇಕಾಗುತ್ತೆ ಅಂದುಕೊಂಡಿದ್ದೆ. ಅವರ ಕೈ ತಗಲಿದ್ದೇ ಸಡಿಲಾಯಿತು.

ನಲ್ಲಿ ತಿರುಗಿಸಿದರು. ಮೊದಲು ಒಂದು ಕೆಮ್ಮು ಬಂತು, ಆಮೇಲೆ ನೀರು. ಕೆಂಪು ನೀರು ತೊಟ್ಟಿ ತುಂಬಿ, ನೆಲಕ್ಕೆ ಹರಿದು, ಮೋರಿ ಸೇರಿತು. ಈ ಟ್ಯಾಂಕಿನಲ್ಲಿ ಇಷ್ಟು ನೀರು ಹಿಡಿಯುತ್ತಾ ಅಂತ ಇವರು ನನ್ನ ಮುಖ ನೋಡಿದರು. ಕೊನೆಯ ಹನಿ ಬಿದ್ದ ಮೇಲೆ ಒಳಗಿಂದ ಉದ್ದನೆಯ ಉಸಿರು ಹೊರಬಂತು. ಅತ್ತೆ ಕಿವಿ ಇಟ್ಟರು.

"ಇಲ್ಲ," ಅಂದರು. "ಹೋದ್ರು." ಆಮೇಲೆ ಅತ್ತರು. ಗಂಡ ಸತ್ತ ದಿನ ಅಳಬೇಕಾದದ್ದನ್ನೆಲ್ಲ ಅತ್ತರು. ನಾನೂ ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಮಾರನೇ ದಿನ ಇವರು ಟ್ಯಾಂಕನ್ನು ಮಗುಚಿ ಹಾಕಿ ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿದರು. ಒದ್ದೆ ರಟ್ಟನ್ನು ಚುಚ್ಚಿದ ಹಾಗೆ ಒಳಗೆ ಹೋಯಿತು. ಅದು ಸ್ಟೂಲಿನ ಕಡೆಯ ಮಗ್ಗುಲು. ಬಡಿತ ಕೇಳಿಸಿದ್ದೂ ಅಲ್ಲಿಂದಲೇ. ನಾನು ಇವರ ತೋಳು ಹಿಡಿದವಳು ಎಷ್ಟೋ ಹೊತ್ತು ಬಿಡಲಿಲ್ಲ.

ಅಂಗಡಿಯಿಂದ ಮನೆಗೆ ಬಂದಾಗ ಅತ್ತೆ ಮಾವನ ಫೋಟೋ ಮುಂದೆ ಕೂತಿದ್ದರು. ಹಿಂದಿನ ಸಂಜೆ ಅಷ್ಟು ಅತ್ತ ಮೇಲೂ ಮರೆಯದೆ ಚೊಂಬು ತುಂಬಿ ಇಟ್ಟಿದ್ದರು, ನಾನೇ ನೋಡಿದ್ದೆ. ಈಗ ಅದು ತಳದವರೆಗೂ ಖಾಲಿ. ಸುತ್ತ ನೆಲ ಒಣಗಿತ್ತು.

"ನೀವು ತುಳಸಿಗೆ ಸುರಿದ್ರಾ ಅತ್ತೆ?" ಕೇಳಿದೆ.

ಅವರು ಇಲ್ಲ ಅಂತ ತಲೆ ಆಡಿಸಿದರು. ಚೊಂಬನ್ನು ಎತ್ತಿಕೊಂಡು ಹೋಗಿ, ಹುಣಸೆಹಣ್ಣು ಹಾಕಿ ಬೆಳಗಿ, ಅಡುಗೆಮನೆ ಅಟ್ಟದ ಮೇಲೆ ಬೋರಲು ಹಾಕಿದರು.

"ಅವ್ರಿಗೆ ಸಾಕಾಯ್ತು ಕಣೇ," ಅಂದರು. "ನನಗೊಂದು ಲೋಟ ನೀರು ಕೊಡು."