ಕಾದದ್ದು ಐದು ವರ್ಷ

ಸಯನ್‌ನ ಕನ್ನಡ ಸಂಘದ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ದೇವಕ್ಕ ಟೀಚರ್ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಅದು ೧೯೭೪. ಆ ದಿನದ ಪಾಠ ‘ಸಿನ್ಸ್’ ಮತ್ತು ‘ಫಾರ್’.

“ಯಾವಾಗ ಶುರುವಾಯಿತು ಎನ್ನುವುದಕ್ಕೆ ಸಿನ್ಸ್. ಎಷ್ಟು ಕಾಲ ಎನ್ನುವುದಕ್ಕೆ ಫಾರ್,” ಎಂದರು ಟೀಚರ್.

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಕೊರಗಪ್ಪನಿಗೆ ಅದು ಹಿಡಿಸಲಿಲ್ಲ. “ಸೋಮವಾರದಿಂದ ಜ್ವರ ಅಂತೇವೆ, ಎರಡು ದಿನದಿಂದ ಜ್ವರ ಅಂತಲೂ ಹೇಳ್ತೇವೆ. ನಮಗೆ ಒಂದೇ ‘ಇಂದ’ ಸಾಕಾಗ್ತದೆ. ಇವರಿಗೆ ಎರಡೆರಡು ಯಾಕೆ ಟೀಚರ್?”

ಎಲ್ಲರೂ ನಕ್ಕರು. ಹಿಂದಿನ ಬೆಂಚಿನ ಮೋಹಿನಿ ನಗಲಿಲ್ಲ. ಆ ವಾರವೇ ಅವಳಿಗೆ ವಿಲೆ ಪಾರ್ಲೆಯ ಒಂದು ನರ್ಸಿಂಗ್ ಹೋಮಿನಲ್ಲಿ ಇಂಟರ್‌ವ್ಯೂ ಇತ್ತು. ಫೋನ್ ಎತ್ತುವ, ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ. ಗಂಡ ಚೆನ್ನಯ ಹಡಗಿನ ಕೆಲಸಕ್ಕೆಂದು ಹೋದವನು, ಯಾವುದೋ ಬಂದರಿನಲ್ಲಿ ತಾನಾಗಿಯೇ ಇಳಿದು ಹೋದನಂತೆ. ಆಮೇಲೆ ಸುದ್ದಿಯಿಲ್ಲ. ಅತ್ತೆ ಶೀಲಾವತಿಯ ಜೊತೆ ಚಾಳಿನ ಕೋಣೆಯಲ್ಲಿ ಕೂತು ಅವಳು ರವಿಕೆ ಹೊಲಿಯುತ್ತಿದ್ದಳು.

“ನೀನೊಂದು ವಾಕ್ಯ ಬರಿ ಮೋಹಿನಿ,” ಎಂದರು ಟೀಚರ್.

ಅವಳು ಬೋರ್ಡಿನ ಮೇಲೆ ಬರೆದಳು: ಐ ಹ್ಯಾವ್ ಬೀನ್ ವೇಟಿಂಗ್ ಫಾರ್ ಫೈವ್ ಇಯರ್ಸ್.

ಅವಳ ಕತೆ ಎಲ್ಲರಿಗೂ ಗೊತ್ತಿತ್ತು.

“ಸರಿಯಾಗಿದೆ,” ಎಂದರು ಟೀಚರ್ ಮೆಲ್ಲಗೆ. “ಐದು ವರ್ಷದಿಂದ ಕಾಯ್ತಾ ಇದ್ದೇನೆ, ಇವತ್ತೂ ಕಾಯ್ತಾ ಇದ್ದೇನೆ ಅಂತ ಅರ್ಥ.”

“ಇನ್ನು ಕಾಯುವುದಿಲ್ಲ ಅಂತಾದರೆ?”

ಟೀಚರ್ ಅವಳ ಮುಖ ನೋಡಿದರು. “ಆಗ ಐ ವೇಟೆಡ್ ಫಾರ್ ಫೈವ್ ಇಯರ್ಸ್. ಕಾದದ್ದು ಸುಳ್ಳಾಗುವುದಿಲ್ಲ. ಮುಗೀತು ಅಂತ ಮಾತ್ರ.”

ಮೋಹಿನಿ ಮೊದಲಿನದನ್ನು ಒರೆಸಿ ಎರಡನೆಯದನ್ನು ಬರೆದಳು. ಕೈಗೆ ಹತ್ತಿದ ಸೀಮೆಸುಣ್ಣದ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಬಂದು ಕೂತಳು.

ಇಂಟರ್‌ವ್ಯೂನಲ್ಲಿ ಅಲ್ಲಿಯ ಡಾಕ್ಟರಮ್ಮ ಗಂಡನ ಬಗ್ಗೆ ಕೇಳಿದರು. ಮೋಹಿನಿ ಆ ಎರಡನೆಯ ವಾಕ್ಯವನ್ನೇ ಹೇಳಿದಳು. ಅವರು ಮತ್ತೇನೂ ಕೆದಕದೆ, ಫೋನಿನಲ್ಲಿ ಮಾತಾಡಿಸಿ ನೋಡಿ, ಸೋಮವಾರ ಬರಲು ಹೇಳಿದರು.

ಸಂಜೆ ಮನೆಯಲ್ಲಿ ಅವಳು ಅತ್ತೆಗೆ ಕೆಲಸದ ಸುದ್ದಿ ಹೇಳಿದಳು. ಆಮೇಲೆ ಅಂದಳು, “ನಾನು ಐದು ವರ್ಷ ಕಾದೆ ಅತ್ತೆ. ಇನ್ನು ಕಾಯುವುದಿಲ್ಲ.”

ಶೀಲಾವತಿ ಸೂಜಿಗೆ ನೂಲು ಪೋಣಿಸುತ್ತಿದ್ದವರು ನಿಲ್ಲಿಸಿದರು. “ನಾನು ಕಾಯ್ತೇನೆ ಮಗಾ. ನನಗೆ ಬೇರೆ ದಾರಿ ಇಲ್ಲ.”

“ನೀವು ಕಾಯಿರಿ. ನಿಮ್ಮ ಮಗ ಅಲ್ವಾ. ನಾನು ನಿಮ್ಮನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.”

ಮುದುಕಿ ನೂಲು ಪೋಣಿಸಿ ಮುಗಿಸಿದರು. ಕೊನೆಗೆ, “ಪಾರ್ಲೆಗೆ ದಾದರಿನಲ್ಲಿ ಗಾಡಿ ಬದಲಿಸಬೇಕಲ್ಲ? ಮೊದಲ ದಿನ ದಾದರಿನವರೆಗೆ ನಾನೂ ಬರ್ತೇನೆ,” ಎಂದರು.

ಸೋಮವಾರ ಬೆಳಿಗ್ಗೆ ದಾದರಿನ ನೂಕುನುಗ್ಗಲಿನಲ್ಲಿ ಅವರು ಸೊಸೆಯನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, ಗಾಡಿ ಕಣ್ಮರೆಯಾಗುವವರೆಗೂ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು.