ಬರೀ ಐದು ಸೆಕೆಂಡು

ಮೋಹನರಾಜ ಪೊಲೀಸರ ಕೈಯಲ್ಲಿ ಕರೆಂಟು ಹೊಡೆಸಿಕೊಂಡ ಕಥೆಯನ್ನು ಡಲ್ಲಾಸ್ ಸುತ್ತಮುತ್ತಲಿನ ಕನ್ನಡದವರಲ್ಲಿ ಕೇಳದವರಿಲ್ಲ. ಮರ್ಫಿ ಊರಿನ ಗೃಹಪ್ರವೇಶದಲ್ಲಿ ಹೇಳಿದ್ದ, ಯೂಲೆಸ್ ಊರಿನ ನಾಮಕರಣದಲ್ಲಿ ಹೇಳಿದ್ದ, ಯುಗಾದಿಯ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರನ್ನೂ ಬಿಟ್ಟಿರಲಿಲ್ಲ. ಊರಿನ ಪೊಲೀಸ್ ಇಲಾಖೆ ನಾಗರಿಕರಿಗೆಂದು ನಡೆಸುವ ಹನ್ನೆರಡು ವಾರದ ತರಗತಿಗೆ ಸೇರಿದ್ದ ಮಹಾರಾಯ. ಕೊನೆಯ ವಾರ ಸಾರ್ಜೆಂಟ್ ಕರೆಂಟು ಹೊಡೆಯುವ ಸ್ಟನ್ ಗನ್ ತೋರಿಸಿ, ಇದರ ರುಚಿ ಯಾರು ನೋಡುತ್ತೀರಿ ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಇವನೇ.

“ಬರೀ ಐದು ಸೆಕೆಂಡು ಕಣ್ರೀ. ಮೈಯೆಲ್ಲ ಹಿಡ್ಕೊಂಡ ಹಾಗಾಗುತ್ತೆ. ಬಿಟ್ಟ ಮೇಲೆ ಏನೂ ಇಲ್ಲ, ಎದ್ದು ಹೋಗಿ ಕಾಫಿ ಕುಡಿದೆ. ಗುಂಡು ಹೊಡೆಯೋದಕ್ಕಿಂತ ಎಷ್ಟೋ ವಾಸಿ ಅಲ್ವಾ?”

ಕೇಳಿದವರು ನಗುತ್ತಿದ್ದರು. ಕರೆಂಟು ಹೊಡೆಸಿಕೊಂಡ ದಿನ ಹೆಂಡತಿ ಕೋಕಿಲಾ ಕೂಡ ಅಲ್ಲಿದ್ದಳು. “ಕೆಳಗೆ ದಪ್ಪ ಮ್ಯಾಟ್ ಹಾಸಿದ್ರು, ಇಬ್ಬರು ತೋಳು ಹಿಡ್ಕೊಂಡಿದ್ರು, ಅದನ್ನೂ ಹೇಳಿ” ಎಂದು ಒಂದು ಸಲ ನಾಲ್ಕು ಜನರ ಮುಂದೆ ಅಂದುಬಿಟ್ಟಿದ್ದಳು. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ. ಗಂಡಸಿನ ಪೌರುಷದ ಕಥೆಗೆ ಹೆಂಡತಿಯಾದವಳು ತಿದ್ದುಪಡಿ ತರಬಾರದು ಎಂಬುದು ಸಮುದ್ರ ದಾಟಿದರೂ ನಮ್ಮನ್ನು ಬಿಡದ ಶಾಸ್ತ್ರ. ಅಂದಿನಿಂದ ಕೋಕಿಲಾ ಸುಮ್ಮನಿರುವುದನ್ನು ಕಲಿತಳು.

ಇವರಿದ್ದ ಊರಿನ ಹೆಸರು ನಾನು ಹೇಳುವುದಿಲ್ಲ. ಹೆಸರು ಹೇಳಿದರೆ, ಸದ್ಯ ನಮ್ಮ ಊರಲ್ಲ ಎಂದು ಉಳಿದವರು ಹಾಯಾಗಿ ನಿದ್ದೆ ಹೋಗುತ್ತಾರೆ.

ಮೋಹನರಾಜನ ಮನೆಯಿಂದ ಎರಡು ಮನೆ ಆಚೆ ಬಾಗಲಕೋಟೆಯ ಮಹಾಂತಪ್ಪ, ಜಯದೇವಿ ಇದ್ದರು. ಮಹಾಂತಪ್ಪನದು ಫಾರ್ಮರ್ಸ್ ಬ್ರಾಂಚ್ ಎಂಬ ಪಕ್ಕದ ಊರಿನಲ್ಲಿ ಗ್ರಾನೈಟ್ ಅಂಗಡಿ. ಮಗಳು ಸೌಂದರ್ಯಾ ಹ್ಯೂಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಮಗ ವಿನಾಯಕ್‌ಗೆ ಇಪ್ಪತ್ತೈದು, ಆಸ್ಟಿನ್‌ನಲ್ಲಿ ಕೆಲಸ. ಒಂಬತ್ತನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಹದಿನೈದು ದಿನಕ್ಕೊಮ್ಮೆ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಅಮ್ಮನ ರೊಟ್ಟಿ, ಎಣ್ಣೆಗಾಯಿಗೆ ಬರುತ್ತಿದ್ದ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕೋಕಿಲಾಳನ್ನು ಕಂಡರೆ “ಆಂಟಿ, ಕೋಡುಬಳೆ?” ಎಂದು ಕೈ ಚಾಚುವಷ್ಟು ಸಲಿಗೆ.

ಜುಲೈ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಮೋಹನರಾಜ ಮಾವಿನಹಣ್ಣು ಹೆಚ್ಚುತ್ತಿದ್ದ. ಕೈ ರಸವಾಗಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿದ. ಜಯದೇವಿಯ ಗಾಬರಿಯ ದನಿ ಅಡುಗೆಮನೆ ತುಂಬಿತು.

“ಅಣ್ಣಾರ, ವಿನಾಯಕ ಇನ್ಸುಲಿನ್ ತಗೊಂಡು ಊಟಾ ಮಾಡದನ ಹುಲ್ಲು ಕತ್ತರಿಸಾಕ ಹೋಗಿದ್ನರಿ. ಈಗ ಬಾಗಲ ಮೆಟ್ಲ ಮ್ಯಾಲ ಕುಂತಬಿಟ್ಟಾನ. ಮೈಯೆಲ್ಲಾ ಬೆವತೈತಿ, ಏನೇನರ ಮಾತಾಡಾಕತ್ತಾನ. ಶುಗರ್ ಇಳದೈತ್ರಿ. ಜೂಸ್ ಬಾಯಿಗೆ ಹಿಡದ್ರ ಕೈ ನೂಕತಾನ. ಇವರು ಅಂಗಡ್ಯಾಗ ಅದಾರ. ಏನ್ ಮಾಡ್ಲಿರಿ?”

“911ಗೆ ಫೋನ್ ಮಾಡಿ, ಈಗಲೇ ಮಾಡಿ. ಆದ್ರೆ ಬರೀ ಶುಗರ್ ಅಂದ್ರೆ ನಿಧಾನಕ್ಕೆ ಬರ್ತಾರೆ. ಸ್ವಲ್ಪ ಜೋರು ಮಾಡಿ ಹೇಳಿ. ಹೊಡೀತಿದಾನೆ ಅನ್ನಿ, ಎರಡೇ ನಿಮಿಷದಲ್ಲಿ ಬಾಗಿಲಲ್ಲಿರ್ತಾರೆ.”

“ಹೊಡ್ಯಾಕತ್ತಿಲ್ಲರಿ ಅಣ್ಣಾರ.”

“ಗೊತ್ತು ಜಯದೇವಿಯವ್ರೇ. ಬೇಗ ಬರ್ಲಿ ಅಂತ.”

ಮೋಹನರಾಜ ಕೆಟ್ಟ ಮನುಷ್ಯನಲ್ಲ. ಬೀದಿ ದೀಪ ಹತ್ತದಿದ್ದರೆ ತಂತಿ ಹರಿದು ಬಿದ್ದಿದೆ ಎಂದು, ಜ್ವರ ಬಂದಿದ್ದರೆ ಉಸಿರೇ ಇಲ್ಲ ಎಂದು ಹೇಳಿದರೆ ಮಾತ್ರ ಸರ್ಕಾರದ ಮನುಷ್ಯ ಕುರ್ಚಿ ಬಿಟ್ಟೇಳುತ್ತಾನೆ ಎಂದು ಕಲಿತು ಬೆಳೆದ ಜನ ನಾವು. ನಮ್ಮಲ್ಲಿ ಎಷ್ಟು ಮಂದಿ ಆ ಮಾತು ಹೇಳುತ್ತಿರಲಿಲ್ಲ? ಎದೆ ಮುಟ್ಟಿಕೊಂಡು ಹೇಳಿ.

ಹೇಳಿದ ಹಾಗೆ ಎರಡೇ ನಿಮಿಷದಲ್ಲಿ ಬಂದರು. ಬಂದದ್ದು ಆಂಬ್ಯುಲೆನ್ಸ್ ಅಲ್ಲ, ಪೊಲೀಸ್ ಕಾರು. ಸೈರನ್ ಕೇಳಿ ಕೋಕಿಲಾ ಬರಿಗಾಲಿನಲ್ಲೇ ಓಡಿದಳು, ಹಿಂದೆಯೇ ಮೋಹನರಾಜ.

ವಿನಾಯಕ್ ಮೆಟ್ಟಿಲ ಮೇಲೆ ಕೂತೇ ಇದ್ದ. ಅಂಗಿ ನೀರಿನಲ್ಲಿ ಅದ್ದಿದಂತಿತ್ತು. ತನ್ನ ಎರಡು ಅಂಗೈಗಳನ್ನು ತಾನೇ ನೋಡುತ್ತ ಕೂತಿದ್ದ. ಹತ್ತು ಅಡಿ ದೂರದಲ್ಲಿ ಹಳದಿ ಬಣ್ಣದ ಸ್ಟನ್ ಗನ್ ಚಾಚಿ ನಿಂತ ಪೊಲೀಸನೊಬ್ಬ “ಬೋರಲು ಮಲಗು! ಕೈ ಹಿಂದಕ್ಕೆ!” ಎಂದು ಇಂಗ್ಲಿಷಿನಲ್ಲಿ ಕೂಗುತ್ತಿದ್ದ. ಇನ್ನೊಬ್ಬ ಜಯದೇವಿಯನ್ನು ತಡೆದು ಹಿಡಿದಿದ್ದ. ಅವಳು “ಶುಗರ್! ಶುಗರ್! ಮೈ ಸನ್, ಶುಗರ್!” ಎಂದು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದಳು.

“ರೀ, ಹೇಳ್ರೀ! ನಿಮ್ಮ ಮಾತು ಕೇಳ್ತಾರಲ್ಲ, ಹೇಳ್ರೀ!” ಕೋಕಿಲಾ ಗಂಡನ ತೋಳು ಹಿಡಿದು ಜಗ್ಗಿದಳು.

“ತಡಿಯೇ, ಮಧ್ಯ ಹೋಗಬಾರದು. ಅವರ ಕೆಲಸ ಅವರು ಮಾಡ್ಲಿ. ಏನೂ ಆಗಲ್ಲ.”

ಪಟ್ಟೆಂದಿತು. ಎರಡು ಸಣ್ಣ ತಂತಿಗಳು ವಿನಾಯಕನ ಎದೆಗೆ ಬಂದು ಕಚ್ಚಿದವು. ಕೂತವನು ಕೂತ ಹಾಗೆಯೇ ಸೆಟೆದುಕೊಂಡು ಸಿಮೆಂಟಿನ ಮೇಲೆ ಬಿದ್ದ. ತಲೆ ನೆಲಕ್ಕೆ ಬಡಿದ ಸದ್ದು ಕೋಕಿಲಾಗೆ ಕೇಳಿಸಿತು. “ಕೈ ಹಿಂದಕ್ಕೆ!” ಮತ್ತೆ ಐದು ಸೆಕೆಂಡು. “ಕೈ ಹಿಂದಕ್ಕೆ!” ಮತ್ತೆ ಐದು. ಅಯ್ಯೋ, ಕರೆಂಟು ಹರಿಯುತ್ತಿರುವ ಕೈ ಯಾರ ಅಪ್ಪಣೆ ಕೇಳೀತು? ನಡುಗುವ ಮೈಯನ್ನು ಎದುರಾಡುವ ಮೈ ಎಂದು ಓದುವವರಿಗೆ ಆ ಗನ್ನು ಕೊಟ್ಟವರು ಯಾರು?

ಕೈಕೋಳ ಬಿದ್ದ ಮೇಲೆ ಆಂಬ್ಯುಲೆನ್ಸ್ ಬಂತು. ಅದರಲ್ಲಿದ್ದ ಹೆಂಗಸು ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಮೂವತ್ತೊಂದು; ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದು. ಅಷ್ಟು ಹೊತ್ತಿಗೆ ಉಸಿರು ನಿಂತಿತ್ತು. ಎದೆ ಒತ್ತಿ ಒತ್ತಿ ಉಸಿರು ತಂದರು, ಪ್ರಜ್ಞೆ ತರಲಾಗಲಿಲ್ಲ.

ಆಸ್ಪತ್ರೆಯಲ್ಲಿ ವಿನಾಯಕನ ಕಾಲನ್ನು ಮಂಚಕ್ಕೆ ಕೋಳ ಹಾಕಿ ಬಿಗಿದಿದ್ದರು. ತಾಯಿಯನ್ನು ಹೊಡೆದ, ಪೊಲೀಸರನ್ನು ಪ್ರತಿಭಟಿಸಿದ ಎಂದು ಅವನ ಮೇಲೆ ಎರಡು ಕೇಸು. ಸೋಮವಾರ ಬೆಳಗ್ಗೆ ಹ್ಯೂಸ್ಟನ್ನಿನಿಂದ ಬಂದ ಸೌಂದರ್ಯಾ ಆ ಕೋಳ ನೋಡಿ ಅಳಲಿಲ್ಲ, ನೆಟ್ಟಗೆ ನಿಂತಳು.

“ಅಪ್ಪಾ, ವಕೀಲರನ್ನ ಹಿಡೀಬೇಕು.”

“ಬ್ಯಾಡವಾ” ಎಂದ ಮಹಾಂತಪ್ಪ. “ನಾವು ಹೊರಗಿಂದ ಬಂದ ಮಂದಿ. ಪೊಲೀಸರ ಜೋಡಿ ಜಗಳ ಬ್ಯಾಡ. ಹುಡುಗ ಎದ್ದು ಕುಂತ್ರ ಸಾಕು.”

ಸಮಾಧಾನ ಹೇಳಲು ಹೋಗಿ ಮೋಹನರಾಜ ಬಾಯಿ ಬಿಟ್ಟ. “ಡಾಕ್ಟರು ತಲೆ ಪೆಟ್ಟು ಅಂತಿದಾರಲ್ಲ ಪುಟ್ಟಾ. ಶಾಕ್‌ನಿಂದ ಏನೂ ಆಗಿರಲ್ಲ. ನಾನೇ ತಗೊಂಡಿದೀನಿ, ಬರೀ ಐದು ಸೆಕೆಂಡು.”

ಸೌಂದರ್ಯಾ ಅವನ ಕಡೆ ತಿರುಗಿದಳು. “ಅಂಕಲ್, ನಿಮಗ ಕೊಡೋಕ್ಕಿಂತ ಮೊದಲ ಏನ್ ಕೇಳಿದ್ರು?”

“ಏನಿಲ್ಲ, ಒಂದು ಫಾರ್ಮ್. ಹಾರ್ಟ್ ಪ್ರಾಬ್ಲಂ ಇದೆಯಾ, ಬಿಪಿ, ಶುಗರ್ ಇದೆಯಾ ಅಂತ.”

“ಶುಗರ್ ಅದ ಅಂದಿದ್ರ?”

“ಆಗಲ್ಲ, ಹೋಗಿ ಕೂತ್ಕೊಳ್ಳಿ ಅಂತಿದ್ರೇನೋ.”

“ನಿಮ್ಮನ್ನ ಇಬ್ರು ಹಿಡಕೊಂಡಿದ್ರು, ಕೆಳಗ ಮ್ಯಾಟ್ ಇತ್ತು. ಕೋಕಿಲಾ ಆಂಟಿ ಹೇಳಿದ್ದು ನನಗ ನೆನಪದ. ಒಂದ ಸಲ ಕೊಟ್ರು, ಸಾಕು ಅಂದ್ರ ನಿಲ್ಲಿಸತಿದ್ರು. ನನ್ನ ತಮ್ಮಗ ಮೂರು ಸಲ, ಸಿಮೆಂಟಿನ ಮ್ಯಾಲ. ಸುಮ್ಮನ ಕುಂತಾವಗ. ಗನ್ನಿಗೆ ಬದಲಿ ಅಂತ ಕೊಟ್ಟದ್ದನ್ನ ಇವರು ಮಾತಿಗೆ ಬದಲಿ ಮಾಡ್ಯಾರ, ಅಂಕಲ್. ಎರಡು ನಿಮಿಷ ಮಾತಾಡಿಸಿದ್ರ ಗೊತ್ತಾಗತಿತ್ತು.”

ಮೋಹನರಾಜನ ಮುಖ ಕಪ್ಪಿಟ್ಟಿತು. ಸೌಂದರ್ಯಾ ಅಮ್ಮನ ಕಡೆ ನೋಡಿದಳು. “ಆದ್ರ ಹೊಡ್ಯಾಕತ್ತಾನ ಅಂತ ಯಾಕ ಹೇಳಿದಿ ಯವ್ವಾ? ಅವರು ಅದನ್ನ ಹಿಡಕೊಂಡ ಕುಂತಾರ.”

ಜಯದೇವಿ ತಲೆ ಎತ್ತಿದಳು. ಅವಳ ಕಣ್ಣು ಒಂದು ಗಳಿಗೆ ಮೋಹನರಾಜನ ಮೇಲೆ ನಿಂತಿತು. ಅವನು ನೆಲ ನೋಡಿದ.

“ಗಾಬರ್ಯಾಗ ಬಾಯಿಗೆ ಬಂತವಾ” ಎಂದಳು ಅವಳು.

ಕಷ್ಟಕ್ಕೆ ಆದ ಹಿರಿಯನ ಮರ್ಯಾದೆಯನ್ನು ನಾಲ್ಕು ಜನರ ಮುಂದೆ ಕಳೆಯಬಾರದು ಎಂದು ಮಗನ ಮಂಚದ ಪಕ್ಕದಲ್ಲಿ ಕೂತೂ ಯೋಚಿಸಿದ ಹೆಂಗಸು ಅದು! ಗಂಡನೇ ಹೇಳಲಿ ಎಂದು ಕೋಕಿಲಾಳೂ ನಿಜ ಹೇಳಲಿಲ್ಲ.

ಗುರುವಾರ ವಿನಾಯಕ್ ತೀರಿಕೊಂಡ. ಕೋಳ ತೆಗೆದದ್ದು ಆಮೇಲೆ. ಮೂರು ವಾರ ಕಳೆದು ಕೋರ್ಟಿನಿಂದ ಕಾಗದ ಬಂತು: ಆರೋಪಿ ಮೃತಪಟ್ಟಿರುವುದರಿಂದ ಪ್ರಕರಣ ಮುಕ್ತಾಯ. ನಿರಪರಾಧಿ ಎಂದಲ್ಲ, ಸತ್ತಿದ್ದಾನೆ ಎಂದು. ಇಲಾಖೆಯ ವರದಿಯೂ ಬಂತು. ಅದರ ಮೊದಲ ಸಾಲೇ “ತನ್ನ ಮಗ ತನ್ನನ್ನು ಹೊಡೆಯುತ್ತಿದ್ದಾನೆಂದು ತಾಯಿ ತಿಳಿಸಿದರು.” ಉಳಿದದ್ದೆಲ್ಲ ನಿಯಮದ ಪ್ರಕಾರವೇ ನಡೆದಿದೆಯಂತೆ.

ಅವತ್ತಿನಿಂದ ಜಯದೇವಿ ಊಟ ಬಿಟ್ಟಳು. ಕೋಕಿಲಾ ಸಾರನ್ನ ತೆಗೆದುಕೊಂಡು ಹೋದರೆ ತುತ್ತನ್ನು ಬಾಯಿಯ ಹತ್ತಿರ ತಂದು ಕೆಳಗಿಡುತ್ತಿದ್ದಳು. “ಈ ನಾಲಗಿ ನನ್ನ ಮಗನ್ನ ತಿಂತ್ರಿ” ಎಂದಳು ಒಂದು ದಿನ. “ಇದಕ್ಕ ಇನ್ನ ಅನ್ನಾ ಯಾಕರಿ?”

ಕೋಕಿಲಾ ಮನೆಗೆ ಬಂದಾಗ ಮೋಹನರಾಜ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ನಗರಸಭೆಯಲ್ಲಿ ಸ್ಟನ್ ಗನ್ ಬಳಕೆಯ ನಿಯಮದ ಬಗ್ಗೆ ಸಾರ್ವಜನಿಕರ ಅಹವಾಲು ಕೇಳುವ ದಿನ ನಿಗದಿಯಾಗಿತ್ತು. ಕಾಯಿಲೆಯಲ್ಲಿರುವವರ ಮೇಲೆ, ಸುಮ್ಮನೆ ಕೂತವರ ಮೇಲೆ ಅದನ್ನು ಹಾರಿಸಬಾರದು ಎಂದು ಸೌಂದರ್ಯಾ ಅರ್ಜಿ ಕೊಟ್ಟಿದ್ದಳು. ಇಲಾಖೆಯ ಪರವಾಗಿ ಎರಡು ಮಾತಾಡಿ ಎಂದು ಸಾರ್ಜೆಂಟ್ ಇವನನ್ನು ಕೇಳಿದ್ದ; ಆ ಮಾತನ್ನೇ ಅವನು ಟೈಪ್ ಮಾಡುತ್ತಿದ್ದ.

“ಅದನ್ನ ಅಳಿಸಿ” ಎಂದಳು ಕೋಕಿಲಾ. “ಜೋರು ಮಾಡಿ ಹೇಳಿ ಅಂತ ನೀವು ಹೇಳಿದ್ದನ್ನ ಹೇಳಿ.”

“ಹುಚ್ಚಾ ನಿನಗೆ? ಮುಂದಿನ ತಿಂಗಳು ಸಿಟಿಜನ್‌ಶಿಪ್ ಇಂಟರ್‌ವ್ಯೂ ಇದೆ. ಸುಳ್ಳು ದೂರು ಕೊಡಿಸಿದೆ ಅಂತ ನನ್ನ ಮೇಲೇ ಕೇಸ್ ಹಾಕಿದ್ರೆ? ನಾನೇನು ಕೆಟ್ಟದಾಗ್ಲಿ ಅಂತ ಹೇಳಿದ್ನಾ?”

“ಇಲ್ಲ. ಒಳ್ಳೇದಕ್ಕೇ ಹೇಳಿದ್ರಿ. ಅದು ತಪ್ಪಾಯ್ತು ಅನ್ನೋಕೆ ಎಷ್ಟು ದಿನ ಬೇಕು? ಆ ತಾಯಿ ಅನ್ನ ಬಿಟ್ಟಿದಾಳೆ ರೀ!”

“ನಾನು ಹೇಳಿದ್ರೆ ಹುಡುಗ ಎದ್ದು ಬರ್ತಾನಾ?”

“ಇನ್ನೊಬ್ಬ ಬೀಳೋದು ತಪ್ಪಬಹುದು. ಆ ಫೋನು ಸ್ಪೀಕರ್‌ನಲ್ಲಿತ್ತು, ನನ್ನ ಕಿವೀನೂ ಕೇಳಿದೆ. ನೀವು ಹೇಳದಿದ್ರೆ ನಾನು ಹೇಳ್ತೀನಿ. ಆಮೇಲೆ ಎರಡು ದಿನ ಅಲ್ಲ, ಎರಡು ಜನ್ಮ ಮುಖ ಊದಿಸ್ಕೊಳ್ಳಿ.”

ಅವಳು ಅವನೆದುರಿಗೇ ನಗರಸಭೆಯ ಪಟ್ಟಿಯಲ್ಲಿ ತನ್ನ ಹೆಸರು ಹಾಕಿದಳು.

ಸಭೆಯ ದಿನ ಕೋಕಿಲಾ ಗಂಡನ ಪಕ್ಕದಲ್ಲಿ ಕೂರಲಿಲ್ಲ. ಹೋಗಿ ಜಯದೇವಿಯ ಪಕ್ಕ ಕೂತಳು. ಒಬ್ಬೊಬ್ಬರಿಗೆ ಮೂರು ನಿಮಿಷ. ಮೊದಲು ಸೌಂದರ್ಯಾ ಮಾತಾಡಿದಳು. ಆಮೇಲೆ ಮೋಹನರಾಜನ ಹೆಸರು ಕೂಗಿದರು. ಅವನು ಇಲಾಖೆಯ ಲಾಂಛನವಿದ್ದ ಟೀ ಶರ್ಟ್ ಹಾಕಿಕೊಂಡು ಬಂದಿದ್ದ. ಕಾಗದ ಬಿಡಿಸಿ, ಈ ಶಾಕ್ ನಾನೇ ತೆಗೆದುಕೊಂಡಿದ್ದೇನೆ, ಬರೀ ಐದು ಸೆಕೆಂಡು ಎಂದು ಇಂಗ್ಲಿಷಿನಲ್ಲಿ ಓದಿದ. ತಲೆ ಎತ್ತಿದಾಗ ಎದುರಿಗೆ ಹೆಂಡತಿ ಜಯದೇವಿಯ ಕೈ ಹಿಡಿದು ಕೂತಿದ್ದಳು. ಅವನು ಕಾಗದ ಮಡಿಸಿದ.

“ನನಗೆ ಮ್ಯಾಟ್ ಹಾಸಿದ್ದರು” ಎಂದ. “ನನ್ನ ಕಾಯಿಲೆ ಕೇಳಿದ್ದರು. ಇಬ್ಬರು ಹಿಡಿದುಕೊಂಡಿದ್ದರು. ಹೊಡೆಯುತ್ತಿದ್ದಾನೆ ಎಂದು ಹೇಳು ಅಂತ ಈ ತಾಯಿಗೆ ಹೇಳಿಕೊಟ್ಟವನು ನಾನು. ಬೇಗ ಬರಲಿ ಎಂದು.”

ಸದಸ್ಯನೊಬ್ಬ ಮುಂದಕ್ಕೆ ಬಾಗಿ, ಹಾಗಾದರೆ ತಪ್ಪು ನಿಮ್ಮದೇ ಅಲ್ಲವೆ, ಪೊಲೀಸರದೇನು ಎಂದು ಕೇಳಿದ.

“ನನ್ನ ತಪ್ಪು ನನ್ನದೇ. ಅದಕ್ಕೆ ಏನು ಬೇಕಾದರೂ ಮಾಡಿ” ಎಂದ ಮೋಹನರಾಜ. “ಆದರೆ ನನ್ನ ಸುಳ್ಳು ಫೋನಿನಲ್ಲಿತ್ತು. ಹುಡುಗ ಅವರ ಕಣ್ಣೆದುರಿಗೆ ಕೂತಿದ್ದ. ತಾಯಿ ಅವರ ಕಿವಿಯ ಹತ್ತಿರವೇ ಕೂಗುತ್ತಿದ್ದಳು. ಮೂರು ಸಲ ಗುಂಡಿ ಒತ್ತಿದ್ದು ನನ್ನ ಸುಳ್ಳಲ್ಲ.”

ಮೂರನೆಯ ಹೆಸರು ಕೋಕಿಲಾಳದು. ಅವಳು ಏಳುವ ಮೊದಲೇ ಜಯದೇವಿ ಅವಳ ಮೊಣಕೈ ಹಿಡಿದಳು.

“ಆ ಫೋನಿನ ಮಾತು ನಿಮಗೂ ಗೊತ್ತಿತ್ತೇನ್ರಿ?”

ಕೋಕಿಲಾ ಹೌದೆಂದು ತಲೆ ಆಡಿಸಿದಳು.

“ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ರಿ?”

ಕೋಕಿಲಾಳ ಕಣ್ಣಿಂದ ನೀರು ಬಳಬಳ ಇಳಿಯಿತು. ಜಯದೇವಿ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಅವಳ ಭುಜ ಊರಿಕೊಂಡು ಮೇಲೆದ್ದಳು. ಸೆರಗು ಹೊದ್ದು, ಯಾರನ್ನೂ ಕೇಳದೆ ಮೈಕಿನ ಕಡೆ ನಡೆದಳು. ಮಹಾಂತಪ್ಪ “ಏ, ಕುಂದ್ರ” ಎಂದು ಪಿಸುಗುಟ್ಟಿದ. ಅವಳು ತಿರುಗಿ ನೋಡಲಿಲ್ಲ.

ಕೂಗಿದ ಹೆಸರು ನಿಮ್ಮದೇನಾ ಎಂದು ಸಭೆಯ ಅಧ್ಯಕ್ಷೆ ಕೇಳಿದಳು. ನನ್ನ ಮೂರು ನಿಮಿಷ ಅವರಿಗೆ ಕೊಟ್ಟಿದ್ದೇನೆ ಎಂದು ಕೋಕಿಲಾ ನಿಂತಲ್ಲಿಂದಲೇ ಹೇಳಿದಳು.

ಜಯದೇವಿ ಮೈಕನ್ನು ಎರಡು ಕೈಯಲ್ಲಿ ಹಿಡಿದಳು. “ಮೈ ಸನ್ ನೋ ಬೀಟ್ ಮಿ” ಎಂದಳು. ತನಗೆ ಬರುವ ಇಂಗ್ಲಿಷು ಅಷ್ಟರಲ್ಲೇ ಮುಗಿಯಿತೆನಿಸಿತೇನೋ, ಎದುರಿಗಿದ್ದ ಏಳೂ ಸದಸ್ಯರ ಮುಖವನ್ನು ಒಂದೊಂದಾಗಿ ನೋಡುತ್ತ ಕನ್ನಡದಲ್ಲಿ ಹೇಳಿದಳು:

“ನನ್ನ ಮಗಾ ನನಗ ಹೊಡದಿಲ್ಲ. ಒಂದ ದಿನಾನೂ ಹೊಡದಿಲ್ಲ. ನಿಮ್ಮ ಕಾಗದದಾಗ ಅದನ್ನ ಬರೀರಿ. ನೀವು ಬರ್ಯೂತನಕ ನಾ ಇಲ್ಲಿಂದ ಹೋಗಾಂಗಿಲ್ಲ.”